ಮಿಷನ್ ಡ್ರಾಯರ್‌ನಲ್ಲಿದ್ದ ಮಾತ್ರೆ ಡಬ್ಬಿ

ಎರಡು ಸಾವಿರದ ಹದಿನೈದನೇ ಇಸವಿ. ದೀಪಾವಳಿ ಕಳೆದು ಬಂದ ಮೊದಲ ಭಾನುವಾರ. ಕೊಪ್ಪ ಪೇಟೆಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಕೂತು ಯಾವುದೋ ಶಾಲೆಯ ಯೂನಿಫಾರಂಗೆ ಗುಂಡಿ ಹಚ್ಚುತ್ತಿದ್ದೆ. ಬಾಗಿಲಿಗೆ ಯಾರೋ ಅಡ್ಡ ನಿಂತು ಬೆಳಕು ಕಡಿಮೆಯಾಯಿತು. ತಲೆಯೆತ್ತಿದರೆ ಸಂಜೀವ. ಅವನ ಕಣ್ಣುಗಳು ಅರಿಶಿನ ಕಲಸಿಟ್ಟ ಹಾಗಿದ್ದವು.

"ನಿನ್ನ ಅಮ್ಮನ ಮದ್ದು ಬೇಕಾಯ್ತಲ್ಲ ಮಾರಾಯ" ಎಂದ.

ತಮಗೆ ಯಾರೋ ಮಾಡಿದ ಉಪಕಾರವನ್ನು ಜನ ಹೀಗೆ ಪತ್ರಿಕೆಗೆ ಬರೆದು ಕಳಿಸುವುದನ್ನು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ನನ್ನದು ಅಂಥದ್ದಲ್ಲ. ನಾನೇ ಒಬ್ಬನಿಗೆ ಮಾಡಿದ ಅಪಕಾರವನ್ನು ಬರೆಯಲು ಕೂತಿದ್ದೇನೆ. ಸಂಜೀವ ಎನ್ನುವುದು ಅವನ ನಿಜವಾದ ಹೆಸರಲ್ಲ. ಆದರೆ "ಬರಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಎಂದವನು ಮಾತ್ರ ಅವನೇ.

ನಾವಿಬ್ಬರೂ ಭಂಡಿಗಡಿ ಕಡೆಯವರು. ಒಂದೇ ಬೆಂಚಿನಲ್ಲಿ ಕೂತು ಹೈಸ್ಕೂಲು ಓದಿದವರು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಅವನು ಗಣಿತದಲ್ಲಿ ಫೇಲಾಗಿ ನಿಂತ. ಆಮೇಲೆ ನಾನು ಹೊಲಿಗೆ ಕಲಿತೆ, ಅವನು ಲಾರಿ ಕ್ಲೀನರ್ ಆಗಿ ಹೋಗಿ ಡ್ರೈವರ್ ಆದ. ಆದರೆ ನಮ್ಮಿಬ್ಬರನ್ನು ಹಿಡಿದಿಟ್ಟಿದ್ದು ಶಾಲೆಯಲ್ಲ, ವಾಲಿಬಾಲ್. ಆಗೆಲ್ಲ ಕೊಯ್ಲು ಮುಗಿದ ಗದ್ದೆಯೇ ನಮ್ಮ ಮೈದಾನ. ಭತ್ತದ ಕೂಳೆಯನ್ನು ಗುದ್ದಲಿಯಿಂದ ಕೆತ್ತಿ, ಮಣ್ಣು ಬಡಿದು ಮಟ್ಟ ಮಾಡುತ್ತಿದ್ದೆವು. ಬರಿಗಾಲಲ್ಲಿ ಹಾರಿ ಇಳಿದರೆ ಅಂಗಾಲಿಗೆ ಕೂಳೆ ಚುಚ್ಚುತ್ತಿತ್ತು. ಆ ಉರಿ ಈಗಲೂ ನೆನಪಿದೆ. ಈಗ ಯೋಚಿಸಿದರೆ ಅದೂ ಒಂದು ಸುಖವೇ ಅನ್ನಿಸುತ್ತದೆ.

ನಾನು ಸ್ಮ್ಯಾಶ್ ಹೊಡೆಯುವವನು. ಸಂಜೀವ ಲಿಫ್ಟರ್. ವಾಲಿಬಾಲ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬಲೆಯ ಹತ್ತಿರ ನಿಂತು ಹೊಡೆಯುವವನಿಗೆ ಬೇಕಾದ ಎತ್ತರಕ್ಕೆ ಚೆಂಡನ್ನು ಎತ್ತಿ ಕೊಡುವುದು ಲಿಫ್ಟರ್‌ನ ಕೆಲಸ. ಚಪ್ಪಾಳೆ ಹೊಡೆದವನಿಗೆ ಬೀಳುತ್ತದೆ. ಎತ್ತಿ ಕೊಟ್ಟವನನ್ನು ಯಾರೂ ನೋಡುವುದಿಲ್ಲ. ನಾನು ಹೊಡೆದ ಚೆಂಡು ಬಲೆಗೆ ಬಿದ್ದಾಗ ಟೀಮಿನವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಸಂಜೀವ ಕೈಯೆತ್ತುತ್ತಿದ್ದ. "ನಂದೇ ತಪ್ಪು. ನಾನೇ ಸರಿ ಎತ್ಲಿಲ್ಲ" ಎನ್ನುತ್ತಿದ್ದ. ಅವನು ಸರಿಯಾಗಿಯೇ ಎತ್ತಿದ್ದ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು.

ಒಮ್ಮೆ ನರಸಿಂಹರಾಜಪುರದ ಟೂರ್ನಮೆಂಟಿಗೆ ಹೋಗುವಾಗ ಟೀಮಿನವರಿಗೆಲ್ಲ ಬನಿಯನ್ ಮೇಲೆ ನಂಬರ್ ಹಚ್ಚುವ ಕೆಲಸ ನನಗೆ ಬಿತ್ತು. ಆಗಷ್ಟೇ ಹೊಲಿಗೆ ಕಲಿಯುತ್ತಿದ್ದೆ. ಕೆಂಪು ಬಟ್ಟೆಯಲ್ಲಿ ಅಂಕಿ ಕತ್ತರಿಸಿ ಹಚ್ಚಿದೆ. ಸಂಜೀವನ ನಂಬರಾದ ಎರಡನ್ನು ತಿರುಗುಮುರುಗಾಗಿ ಹೊಲಿದಿದ್ದು ಮೈದಾನಕ್ಕೆ ಇಳಿದ ಮೇಲೆಯೇ ಗೊತ್ತಾದದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂದಿತ್ತು. ಅವನು, "ಇರ್ಲಿ ಬಿಡ, ಎದುರು ಟೀಮಿನೋರು ಕನ್ನಡಿ ಹಿಡಿದು ಓದ್ಕೊಳ್ಲಿ" ಎಂದು ಅದನ್ನೇ ತೊಟ್ಟು ಎಲ್ಲ ಆಟ ಆಡಿದ. ನಾವು ಸೋತೆವು. ಬರುವಾಗ ಬಸ್ಸಿನ ಮೇಲೆ ಕೂತು ಗೆದ್ದವರಿಗಿಂತ ಜೋರಾಗಿ ಕೂಗುತ್ತಾ ಬಂದೆವು.

ಈಗ ಅಮ್ಮನ ಮದ್ದಿನ ವಿಷಯ. ನನ್ನ ಅಮ್ಮ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಿದ್ದಳು. ಶೃಂಗೇರಿ, ನೆಮ್ಮಾರ್ ಕಡೆಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಮೂರು ವಾರ ಪಥ್ಯ: ಉಪ್ಪಿಲ್ಲ, ಎಣ್ಣೆಯಿಲ್ಲ, ಬೇರೆ ಮದ್ದಿಲ್ಲ. ಇನ್ನೊಂದು ಕಟ್ಟುಪಾಡೂ ಇತ್ತು. ಮದ್ದು ತೆಗೆದುಕೊಳ್ಳುವವರು ತಮ್ಮ ಚಟವನ್ನು ಅಮ್ಮನ ಹತ್ತಿರ ಬಿಟ್ಟು ಹೋಗಬೇಕು. ಬೀಡಿ ಕಟ್ಟು, ನಶ್ಯದ ಡಬ್ಬಿ, ಹೊಗೆಸೊಪ್ಪು. ಅದನ್ನೆಲ್ಲ ಅವಳು ಒಂದು ಬಟ್ಟೆ ಚೀಲದಲ್ಲಿ ಹಾಕಿ ಗೂಟಕ್ಕೆ ನೇತುಹಾಕುತ್ತಿದ್ದಳು. ಪಥ್ಯ ಮುಗಿದು ಸ್ನಾನ ಮಾಡಿ ಬಂದ ಮೇಲೆ ವಾಪಸ್ ಕೊಡುತ್ತಿದ್ದಳು. ಕೆಲವರು ಆಮೇಲೂ "ಬೇಡ ಅಮ್ಮ" ಎಂದು ಹೋಗುತ್ತಿದ್ದರು. ಅಂಥವರದ್ದನ್ನು ಒಲೆಗೆ ಹಾಕಿ ಖುಷಿಯಿಂದ ನಗುತ್ತಿದ್ದಳು.

ಅಮ್ಮ ಹೋದ ಮೇಲೆ ಮದ್ದು ಕೊಡುವುದು ನನಗೆ ಬಂತು. ಚೀಲದ ಬದಲು ನನ್ನ ಹೊಲಿಗೆ ಮಿಷನ್ನಿನ ಡ್ರಾಯರ್ ಆಯಿತು. ಅಮ್ಮನ ಕಾಲದಲ್ಲಿ ಬೇರೆ ಮದ್ದು ಎಂದರೆ ತಲೆನೋವಿನ ಮಾತ್ರೆ, ಇಲ್ಲದಿದ್ದರೆ ಇನ್ನೊಬ್ಬ ಪಂಡಿತರ ಕಷಾಯ. ನನ್ನ ಕಾಲಕ್ಕೆ ಜನ ಸಕ್ಕರೆ ಕಾಯಿಲೆಗೆ, ಬಿಪಿಗೆ ದಿನಾ ಮಾತ್ರೆ ನುಂಗುವವರಾಗಿದ್ದರು. ಆ ವ್ಯತ್ಯಾಸ ನನ್ನ ತಲೆಗೆ ಹೋಗಲೇ ಇಲ್ಲ. ಬೀಡಿಯ ಜೊತೆ ಮಾತ್ರೆಯನ್ನೂ ಡ್ರಾಯರಿಗೆ ಹಾಕಿಸಿಕೊಳ್ಳತೊಡಗಿದೆ. ಗುಣವಾದವರು ಊರೂರಲ್ಲಿ ನನ್ನ ಹೆಸರು ಹೇಳುತ್ತಿದ್ದರು. ಅದನ್ನು ಕೇಳುವುದು ನನಗೆ ಹಿತವಾಗಿತ್ತು.

ಆ ಭಾನುವಾರ ಸಂಜೀವ ಜೇಬಿನಿಂದ ಬೀಡಿ ಕಟ್ಟು ತೆಗೆದು ಮಿಷನ್ ಮೇಲೆ ಇಟ್ಟ. ಸ್ವಲ್ಪ ಹೊತ್ತು ಬಿಟ್ಟು ಪ್ಯಾಂಟಿನ ಜೇಬಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ತೆಗೆದ. ಮೇಲಿನ ಚೀಟಿಯನ್ನು ಕಿತ್ತು ಹಾಕಿದ್ದ.

"ಇದೊಂದು ಬಿಡಬಾರ್ದು ಅಂದಿದಾರೆ ಮಾರಾಯ."

"ಎಂತಕ್ಕೆ ಇದು?"

"ಎಂತದೋ ನರದ್ದು. ಮಲಗೋವಾಗ ಒಂದು." ನೆಲ ನೋಡುತ್ತಾ ಹೇಳಿದ.

"ನರ ಎಲ್ಲಿಗೂ ಓಡಿ ಹೋಗಲ್ಲ. ಮೂರು ವಾರ ಕಾಯ್ತದೆ."

"ಒಂದು ದಿನಾನೂ ತಪ್ಪಿಸ್ಬಾರ್ದು ಅಂತ ಡಾಕ್ಟ್ರಮ್ಮ..."

"ಹಂಗಾದ್ರೆ ಆ ಡಾಕ್ಟ್ರಮ್ಮನ ಹತ್ರಾನೇ ಹೋಗ. ನನ್ನ ಅಮ್ಮನ ಮದ್ದು ಯಾಕೆ ಬೇಕು?"

ಅವನು ನಕ್ಕ. "ಸಿಟ್ಟು ಮಾಡ್ಬೇಡ ಮಾರಾಯ, ಇಟ್ಕ" ಎಂದು ಡಬ್ಬಿಯನ್ನು ಕೊಟ್ಟ. ನಾನು ಅದನ್ನು ಒಮ್ಮೆ ಅಲ್ಲಾಡಿಸಿ, ದಾರ ಸುತ್ತುವ ಬಾಬಿನ್ನುಗಳ ನಡುವೆ ಇಟ್ಟು ಡ್ರಾಯರ್ ದೂಡಿದೆ.

ಅಲ್ಲಿಗೆ ನಿಂತಿದ್ದರೆ ತಿಳಿಯದೆ ಮಾಡಿದ್ದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮುಂದಿನ ಸಂತೆಯ ದಿನ ಅವನ ಹೆಂಡತಿ ಸರೋಜ ಅಂಗಡಿಗೆ ಬಂದಳು. ಅಂಗಡಿ ತುಂಬ ಜನ. ಒಬ್ಬರು ಬ್ಲೌಸಿನ ಅಳತೆ ಕೊಡಲು ನಿಂತಿದ್ದರು, ಇನ್ನಿಬ್ಬರು ಸಂತೆಯ ಚೀಲ ಕಾಲಬುಡದಲ್ಲಿಟ್ಟು ಹರಟುತ್ತಿದ್ದರು.

"ವಾಸಣ್ಣ, ಅವರದ್ದೊಂದು ಡಬ್ಬಿ ನಿಮ್ಮ ಹತ್ರ ಇದ್ಯಂತಲ್ಲ. ಕೊಡಿ" ಎಂದಳು.

"ಪಥ್ಯ ಮುಗೀಲಿ ಸರೋಜ, ನಾನೇ ಕೊಡ್ತೀನಿ."

"ಇಲ್ಲ ಅಣ್ಣ, ಅದು ಇವತ್ತೇ ಬೇಕು."

"ಯಾವ ಕಾಯಿಲೆಗೆ ಅದು? ಹೇಳು, ಈಗಲೇ ಕೊಡ್ತೀನಿ."

ಅವಳು ಅಕ್ಕಪಕ್ಕ ನೋಡಿದಳು. "ಒಂದು ಗಳಿಗೆ ಹೊರಗೆ ಬರ್ತೀರಾ?" ಎಂದು ಮೆಲ್ಲಗೆ ಕೇಳಿದಳು.

ನಾನು ಏಳಲಿಲ್ಲ. "ಗುಟ್ಟೆಂತದು ಅದರಲ್ಲಿ? ಇಲ್ಲೇ ಹೇಳು" ಎಂದೆ.

ಬ್ಲೌಸಿನ ಹೆಂಗಸು, "ಗಂಡಂಗೆ ಸಪ್ಪೆ ಅಡುಗೆ ಮಾಡಿ ಮಾಡಿ ಬೇಜಾರು ಬಂದಿರ್ಬೇಕು. ಪಥ್ಯ ಮುರಿಸೋಕೆ ಬಂದಿದಾಳೆ" ಎಂದು ನಕ್ಕಳು. ನಾನೂ ನಕ್ಕೆ. "ಪಥ್ಯ ಕೆಟ್ರೆ ನಾನು ಜವಾಬ್ದಾರ ಅಲ್ಲ ನೋಡು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಸರೋಜಳ ಬೆರಳುಗಳು ನನ್ನ ಕತ್ತರಿಸುವ ಮೇಜಿನ ಅಂಚನ್ನು ಹಿಡಿದಿದ್ದವು. ಆಮೇಲೆ ಬಿಟ್ಟವು. ಹೊರಟು ಹೋದಳು.

ಸಂಜೀವನ ಕಣ್ಣಿನ ಹಳದಿ ಇಳಿಯಿತು. ಕಾಮಾಲೆ ಕೆಲವೊಮ್ಮೆ ತಾನಾಗಿಯೇ ಇಳಿಯುತ್ತದೆ ಎಂದು ನನಗೆ ಯಾರೋ ಹೇಳಿದ್ದು ಬಹಳ ಆಮೇಲೆ. ಆಗ ಮಾತ್ರ ನಾನು ಗೆದ್ದವನಂತೆ ಡಬ್ಬಿ ವಾಪಸ್ ಕೊಟ್ಟೆ. ಬೇಸಿಗೆಗೆ ಹಳದಿ ಮತ್ತೆ ಬಂತು. ಮತ್ತೆ ಮದ್ದು, ಮತ್ತೆ ಪಥ್ಯ, ಮತ್ತೆ ಡಬ್ಬಿ ಡ್ರಾಯರಿಗೆ. ಮಾತ್ರೆ ಬಿಟ್ಟರೂ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ಅವನಿಗೂ ಬಂದಿತ್ತು. ನಡುವೆ ನೆನಪಾದಾಗ ನುಂಗುತ್ತಿದ್ದ, ಇಲ್ಲದಿದ್ದರೆ ಇಲ್ಲ.

ಆ ದೀಪಾವಳಿಗೆ ನಾನು ಅವನಿಗೊಂದು ಕಂದು ಬಣ್ಣದ ಪ್ಯಾಂಟು ಹೊಲಿದುಕೊಟ್ಟಿದ್ದೆ. ಮಳೆಗಾಲ ಹಿಡಿಯುವಷ್ಟರಲ್ಲಿ ಅದು ಸೊಂಟದಲ್ಲಿ ನಿಲ್ಲದಾಯಿತು. ಹಿಂಬದಿಯ ನಡು ಹೊಲಿಗೆ ಬಿಚ್ಚಿ ಒಳಕ್ಕೆ ಹಿಡಿದು ಹೊಲಿದುಕೊಟ್ಟೆ. ಗಣಪತಿ ಹಬ್ಬದ ಹೊತ್ತಿಗೆ ಮತ್ತೆ ತಂದ. ಟೇಪು ಸುತ್ತಿದರೆ ನನ್ನ ಕೈಗೆ ಅವನ ಸೊಂಟದ ಎಲುಬು ತಾಗುತ್ತಿತ್ತು. ಮೈದಾನದಲ್ಲಿ ನಾನು ಸುಸ್ತಾದಾಗ ಆಸರೆಗೆ ಹಿಡಿಯುತ್ತಿದ್ದ ಗಟ್ಟಿ ಹೆಗಲು ಈಗ ಹ್ಯಾಂಗರ್ ಹಾಗಿತ್ತು.

"ಒಳಗೆ ಹಿಡಿದ ಬಟ್ಟೆ ಕತ್ತರಿಸ್ಬೇಡ ಮತ್ತೆ" ಎಂದ.

"ಯಾವ ಟೈಲರ್ ಕತ್ತರಿಸ್ತಾನೆ? ಹಂಗೇ ಬಿಟ್ಟಿರ್ತೀವಿ."

"ಹೂಂ. ಮತ್ತೆ ದಪ್ಪ ಆದ್ರೆ ಬೇಕಲ್ಲ."

ಇಬ್ಬರೂ ನಗಲಿಲ್ಲ. ಅವನಿಗೆ ಬಿಟ್ಟು ಬಿಟ್ಟು ಜ್ವರ. ಬಾಯಲ್ಲಿ ಬಿಳಿ ಹುಣ್ಣು. "ಪಥ್ಯದಲ್ಲಿ ಮೈ ಇಳಿದದ್ದು ಇನ್ನೂ ಹತ್ತಿಲ್ಲ" ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ನನಗೇ ಹೇಳಿಕೊಳ್ಳುತ್ತಿದ್ದೆನೋ ಏನೋ.

ಚಳಿ ಶುರುವಾದ ಮೇಲೆ ಒಂದು ದಿನ ಬಂದು, "ನಾಳೆ ಜಿಲ್ಲಾಸ್ಪತ್ರೆಗೆ ಹೋಗ್ಬೇಕು. ನೀನು ಬಾ" ಎಂದ.

"ಸರೋಜ ಬರಲ್ವನಾ?"

"ಬರ್ತೀನಿ ಅಂದ್ಲು. ವಾಸು ಬರ್ಲಿ ಅಂದೆ."

ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿದ. ಎದುರಿನ ಬಾಗಿಲ ಮೇಲೆ ಬೋರ್ಡು ಇತ್ತು.

"ಓದು" ಎಂದ. "ಎಸ್ಸೆಸ್ಸೆಲ್ಸಿ ಪಾಸಾದವ ಅಲ್ವಾ ನೀನು."

ಓದಿದೆ. ಎಚ್ಐವಿ ಚಿಕಿತ್ಸೆಯ ಕೋಣೆ ಅದು. ನಾನು ಅವನ ಮುಖ ನೋಡಿದೆ. ಅವನು ಬೋರ್ಡನ್ನೇ ನೋಡುತ್ತಿದ್ದ.

"ಲಾರಿ ಕಾಲದ್ದು" ಎಂದ. "ನನ್ನಿಂದ ಸರೋಜಂಗೂ ಬಂತು. ಅವಳು ಒಂದು ದಿನಾನೂ ಮಾತ್ರೆ ತಪ್ಪಿಸಿಲ್ಲ. ಆರಾಮ ಇದಾಳೆ."

"ಆ ಡಬ್ಬಿ..."

"ಹೂಂ. ಅದೇ."

ಸಂತೆಯ ದಿನ ಮೇಜಿನ ಅಂಚು ಹಿಡಿದಿದ್ದ ಬೆರಳುಗಳು ನೆನಪಾದವು. ಗಂಡನ ಕಾಯಿಲೆಯ ಜೊತೆಗೆ ತನ್ನದನ್ನೂ ಆ ಹೆಂಗಸರ ಎದುರು ಹೇಳು ಎಂದು ನಾನು ಅವಳನ್ನು ಕೇಳಿದ್ದೆ. ಕೇಳಿ ನಕ್ಕಿದ್ದೆ.

ಒಳಗೆ ಕರೆದರು. ಎದ್ದು ಹೋಗಿಬಿಡೋಣ ಎನ್ನಿಸಿತು. ಸಂಜೀವ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಇನ್ನೂ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಕೂತಿದ್ದರು. ಮೊದಲೇ ಕಳಿಸಿದ್ದ ರಕ್ತ ಪರೀಕ್ಷೆಯ ಫಲಿತಾಂಶ ಬಂದಿತ್ತು.

"ನೋಡಿ, ಈ ಮಾತ್ರೆ ನಿಮ್ಮ ಮೈಯಲ್ಲಿ ಇನ್ನು ಕೆಲಸ ಮಾಡ್ತಿಲ್ಲ" ಎಂದರು. "ದಿನಾ ತಗೊಂಡ್ರೆ ವೈರಸ್ ತಲೆ ಎತ್ತಲ್ಲ. ಸ್ವಲ್ಪ ದಿನ ತಗೊಂಡು ಸ್ವಲ್ಪ ದಿನ ಬಿಟ್ರೆ, ಉಳಿದ ವೈರಸ್ ಆ ಮಾತ್ರೆಯ ಜೊತೆಗೇ ಬದುಕೋದನ್ನ ಕಲಿತುಬಿಡುತ್ತೆ. ಆಮೇಲೆ ಅದೇ ಮಾತ್ರೆಯನ್ನ ಎಷ್ಟು ನುಂಗಿದ್ರೂ ಉಪಯೋಗ ಇಲ್ಲ."

"ಒಂದೇ ಜಾಗಕ್ಕೆ ಸ್ಮ್ಯಾಶ್ ಹೊಡೀತಾ ಇದ್ರೆ ಎದುರಿನೋರು ಕಲಿತುಬಿಡ್ತಾರಲ್ಲ, ಹಂಗೆ" ಎಂದ ಸಂಜೀವ ನನ್ನ ಕಡೆ ತಿರುಗಿ.

ಡಾಕ್ಟರಮ್ಮ ನಗಲಿಲ್ಲ. "ಯಾಕೆ ನಿಲ್ಲಿಸಿದ್ರಿ?"

ಸಂಜೀವ ಅಂಗಿಯ ಗುಂಡಿ ತಿರುಗಿಸತೊಡಗಿದ.

"ಎರಡನೇ ಹಂತದ ಮಾತ್ರೆ ಇದೆ. ಶುರು ಮಾಡಬಹುದು. ಆದರೆ ಅದನ್ನೂ ಹೀಗೇ ಮಾಡ್ಕೊಂಡ್ರೆ ಆಮೇಲೆ ನಮ್ಮ ಕೈಯಲ್ಲಿ ಉಳಿಯೋದು ತುಂಬಾ ಕಡಿಮೆ. ಯಾಕೆ ತಪ್ತು ಅಂತ ಗೊತ್ತಾಗದೆ ನಾನು ಏನನ್ನ ಸರಿ ಮಾಡ್ಲಿ, ಹೇಳಿ?"

ಸಂಜೀವ ಕೈಯೆತ್ತಿದ. ಕೊಯ್ದ ಗದ್ದೆಯಲ್ಲಿ ಎತ್ತುತ್ತಿದ್ದ ಹಾಗೆಯೇ, ಹೆಗಲಿನವರೆಗೆ.

"ನಂದೇ ತಪ್ಪು ಮೇಡಂ" ಎಂದ. "ಉದಾಸೀನ ಮಾಡಿದೆ."

ಅದೇ ಮಾತು, ಅದೇ ಸ್ವರ. ಚೆಂಡು ಬಲೆಗೆ ಹೊಡೆದವನು ನಾನು, ಕೈಯೆತ್ತಿದವನು ಅವನು. ಅಷ್ಟು ವರ್ಷ ಮೈದಾನದಲ್ಲಿ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಒಂದು ಸಲವೂ "ಇಲ್ಲ, ಅವನು ಸರಿ ಎತ್ತಿದ್ದ" ಎಂದಿರಲಿಲ್ಲ.

"ಸುಳ್ಳು ಮೇಡಂ" ಎಂದೆ. "ಇವನದ್ದಲ್ಲ ತಪ್ಪು. ಮಾತ್ರೆ ನನ್ನ ಹೊಲಿಗೆ ಮಿಷನ್ ಡ್ರಾಯರ್‌ನಲ್ಲಿತ್ತು." ಎಲ್ಲವನ್ನೂ ಹೇಳಿದೆ. ಕಾಮಾಲೆ, ಪಥ್ಯ, ಎರಡು ಸಲ ಡಬ್ಬಿ ಇಸಿದುಕೊಂಡಿದ್ದು, ಸರೋಜ ಬಂದು ಕೇಳಿದ್ದು. ಆ ನಗುವನ್ನೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು. "ಕಾಮಾಲೆ ಬಂದಾಗಲೇ ಇಲ್ಲಿಗೆ ಕಳಿಸಿದ್ರೆ ಯಾಕೆ ಬಂತು ಅಂತ ನಾವೇ ನೋಡ್ತಿದ್ವಿ. ಬೇಕಾದ್ರೆ ಮಾತ್ರೇನೇ ಬದಲಾಯಿಸ್ತಿದ್ವಿ" ಎಂದರು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದರು: "ಈಗ ನಿಮ್ಮ ಡ್ರಾಯರ್‌ನಲ್ಲಿ ಇನ್ನೂ ಯಾರ್ಯಾರ ಮಾತ್ರೆ ಇದೆ?"

ಇತ್ತು. ನೆಮ್ಮಾರ್‌ನ ಒಬ್ಬ ಮುದುಕರ ಸಕ್ಕರೆ ಕಾಯಿಲೆಯ ಮಾತ್ರೆ, ಮೆಣಸೆಯ ಒಬ್ಬ ಹೆಂಗಸಿನ ಬಿಪಿ ಮಾತ್ರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಂಜೀವ ಕಿಟಕಿಗೆ ತಲೆ ಆನಿಸಿ ಕೂತಿದ್ದ. "ನೀನೆಂತಕ್ಕೆ ಬಾಯಿ ಬಿಟ್ಟೆ?" ಎಂದು ಕೇಳಿದ.

"ನೀನೆಂತಕ್ಕೆ ಸುಳ್ಳು ಹೇಳಿದೆ?"

"ಅಭ್ಯಾಸ ಮಾರಾಯ" ಎಂದು ಕಣ್ಣು ಮುಚ್ಚಿಕೊಂಡ.

ಮರುದಿನ ಅಂಗಡಿ ತೆರೆಯಲಿಲ್ಲ. ಬೆಳಗಿನ ಬಸ್ಸು ಹಿಡಿದು ಮೊದಲು ಮೆಣಸೆಗೆ, ಅಲ್ಲಿಂದ ನೆಮ್ಮಾರ್‌ಗೆ ಹೋಗಿ ಅವರವರ ಮಾತ್ರೆಯನ್ನು ಅವರವರ ಕೈಗೆ ಕೊಟ್ಟು, ಆಸ್ಪತ್ರೆಗೆ ಹೋಗಿ ಎಂದು ಕೈಮುಗಿದೆ. ನೆಮ್ಮಾರ್‌ನ ಮುದುಕರು, "ಎಂತ ಮಾರಾಯ, ಮದ್ದು ಕೊಡೋನೇ ಹಿಂಗೆ ಹೆದರಿದ್ರೆ ಹೆಂಗೆ?" ಎಂದು ತಮಾಷೆ ಮಾಡಿದರು. ಆ ದಿನದಿಂದ ನಾನು ಮದ್ದು ಕೊಟ್ಟಿಲ್ಲ. ಅಮ್ಮನ ಹೆಸರು ಉಳಿಸಲಿಲ್ಲ ಎಂದು ಮನೆಯವರೇ ಹೇಳುತ್ತಾರೆ. ಅಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳು ಜನರಿಂದ ಬಿಡಿಸಿದ್ದು ಚಟವನ್ನು ಮಾತ್ರ.

ಸರೋಜಳ ಹತ್ತಿರ ಹೋಗಲು ಹೆಚ್ಚು ಧೈರ್ಯ ಬೇಕಾಯಿತು. ಅವಳು ಪಾತ್ರೆ ತೊಳೆಯುತ್ತಿದ್ದಳು. ತಪ್ಪಾಯ್ತು ತಂಗಿ ಎಂದೆ. ತೊಳೆಯುವುದನ್ನು ನಿಲ್ಲಿಸಲಿಲ್ಲ. "ಟೀ ಕುಡ್ಕೊಂಡು ಹೋಗಿ" ಎಂದಳು, ಅಷ್ಟೇ. ಟೀ ಕೊಟ್ಟಳು. ಆಮೇಲೆ ಬಹಳ ಕಾಲ ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಬ್ಲೌಸುಗಳನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಬ್ಬ ಟೈಲರ್ ಹತ್ತಿರ ಹೊಲಿಸುತ್ತಿದ್ದಳು. ದಾರಿಯಲ್ಲಿ ಸಿಕ್ಕಾಗ ಅವುಗಳ ತೋಳು ಸರಿ ಕೂತಿಲ್ಲದ್ದು ಕಾಣುತ್ತಿತ್ತು.

ಸಂಜೀವನಿಗೆ ಹೊಸ ಮಾತ್ರೆ ಶುರುವಾಯಿತು. ಮೊದಲಿನಂತೆ ದಿನಕ್ಕೊಂದಲ್ಲ, ಬೆಳಿಗ್ಗೆಯೂ ರಾತ್ರಿಯೂ. ಹೊಟ್ಟೆ ತೊಳಸುತ್ತಿತ್ತು. ಕೆಲವು ತಿಂಗಳು ಅವನು ಉಳಿಯುತ್ತಾನೋ ಇಲ್ಲವೋ ಎಂಬ ಹಾಗಿದ್ದ. ಆಸ್ಪತ್ರೆಗೆ ಹೋಗುವ ದಿನ ನಾನು ಜೊತೆಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಹಳೆಯ ಆಟಗಳನ್ನೇ ಮತ್ತೆ ಆಡುತ್ತಿದ್ದೆವು. ನರಸಿಂಹರಾಜಪುರದ ಆ ಪಂದ್ಯವನ್ನು ಬಸ್ಸಿನಲ್ಲಿ ನಾವು ಹಲವು ಸಲ ಗೆದ್ದಿದ್ದೇವೆ.

ಮುಂದಿನ ವರ್ಷದ ಮಳೆಗಾಲ ಕಳೆದಿತ್ತು. ಒಂದು ಸಂತೆಯ ದಿನ, ಅಂಗಡಿಯಲ್ಲಿ ಜನ ಇದ್ದಾಗಲೇ, ಸರೋಜ ಬಂದು ಆ ಕಂದು ಪ್ಯಾಂಟನ್ನು ಮೇಜಿನ ಮೇಲೆ ಇಟ್ಟಳು.

"ವಾಸಣ್ಣ, ಇದನ್ನ ಬಿಡಿಸಿ ಕೊಡಿ. ಅವರಿಗೆ ಸೊಂಟದಲ್ಲಿ ಹಿಡೀತದೆ."

ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು. ಪ್ಯಾಂಟು ಎತ್ತಿಕೊಂಡೆ. ಅವಳು ಹೋಗಲಿಲ್ಲ.

"ಡ್ರಾಯರ್‌ನಲ್ಲಿ ಈಗ ಎಂತ ಇಟ್ಟಿದೀರಿ?"

"ಬಾಬಿನ್ನು, ಗುಂಡಿ."

"ತೆಗೀರಿ, ನೋಡ್ತೀನಿ."

ನಾನು ಡ್ರಾಯರನ್ನು ಪೂರ್ತಿ ಹೊರಗೆಳೆದು ಅವಳ ಮುಂದೆ ಇಟ್ಟೆ. ಸುತ್ತ ನಿಂತವರಿಗೆ ಏನೂ ಅರ್ಥವಾಗಲಿಲ್ಲ. ಅವಳು ಬಗ್ಗಿ ನೋಡಿದಳು. ಬಾಬಿನ್ನುಗಳನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು.

"ಸಂಜೆ ಬರ್ತೀನಿ. ಆಗಿರ್ಬೇಕು" ಎಂದು ಹೇಳಿ ಹೋದಳು.

ನಡು ಹೊಲಿಗೆಯನ್ನು ಬಿಚ್ಚಿದೆ. ನಾನೇ ಎರಡು ಸಲ ಒಳಕ್ಕೆ ಹಿಡಿದಿದ್ದ ಹೊಲಿಗೆ. ಒಳಗೆ ಮಡಚಿಕೊಂಡಿದ್ದ ಬಟ್ಟೆ ಬಿಸಿಲು, ಸೋಪು ಕಾಣದೆ ಮೊದಲಿನ ಕಂದು ಬಣ್ಣದಲ್ಲೇ ಇತ್ತು. ಅದು ಹೊರಗೆ ಬಂದ ಮೇಲೆ ಮಾಸಿದ ಪ್ಯಾಂಟಿನ ಹಿಂಬದಿಯಲ್ಲಿ ಗಾಢವಾದ ಒಂದು ಪಟ್ಟಿ ಉಳಿಯಿತು. ಇಸ್ತ್ರಿ ಹಾಕಿದರೂ ಹೋಗಲಿಲ್ಲ.

ಈಗ ನನಗೆ ಎಪ್ಪತ್ತರ ಹತ್ತಿರ. ಸಂಜೀವನೂ ಅಷ್ಟೇ. ಡಾಕ್ಟರಮ್ಮ ವರ್ಗವಾಗಿ ಹೋದರು, ಬೇರೆಯವರು ಬಂದರು. ಗಂಡ ಹೆಂಡತಿ ಇಬ್ಬರೂ ತಪ್ಪದೆ ಮಾತ್ರೆ ನುಂಗುತ್ತಾರೆ. ಸಂಜೆ ಹೊತ್ತು ನಾವಿಬ್ಬರೂ ಹೈಸ್ಕೂಲು ಮೈದಾನದ ಕಡೆ ನಡೆದು ಹೋಗಿ ಹುಡುಗರ ವಾಲಿಬಾಲ್ ನೋಡುತ್ತೇವೆ. ಅವನು ಈಗಲೂ ಆಗಾಗ ಆ ಪ್ಯಾಂಟು ಹಾಕುತ್ತಾನೆ. ಹೊಸದು ಹೊಲಿದುಕೊಡುತ್ತೇನೆ, ಹಿಂದೆ ಪಟ್ಟಿ ಕಾಣುತ್ತದೆ ಎಂದರೆ, "ನಂಗೆಲ್ಲಿ ಕಾಣ್ತದೆ? ಹಿಂದೆ ಬರೋರು ನೋಡ್ಕೊಳ್ಲಿ" ಎನ್ನುತ್ತಾನೆ.

ಏರು ದಾರಿಯಲ್ಲಿ ನನಗೆ ಉಬ್ಬಸ. ಅವನು ಯಾವಾಗಲೂ ಎರಡು ಹೆಜ್ಜೆ ಮುಂದೆ ಇರುತ್ತಾನೆ. ಹಿಂದೆ ಬರುವವನು ನಾನೊಬ್ಬನೇ. ಆ ಪಟ್ಟಿಯನ್ನು ನೋಡುತ್ತಲೇ ಹತ್ತುತ್ತೇನೆ.